ಕಾಲೇಜಿನ ಪೇಜೂ ಶಶಿಕಲಾ ಮೇಡಂ ಸಿಟ್ಟೂ

ಶಶಿಕಲಾ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಗೋವಿಂದರಾಜನಗರದ ಆ ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ಓದಿದವರಿಗೆಲ್ಲ ಗೊತ್ತು. ಫುಟ್‌ಪಾತ್ ಮೇಲೆ ಸ್ಕೂಟರ್ ಓಡಿಸಿಕೊಂಡು ಬಂದವನನ್ನು ಅಡ್ಡಗಟ್ಟಿ ಕೆಳಗಿಳಿಸಿದ್ದು, ಮೂಡಲಪಾಳ್ಯದ ಸರ್ಕಲ್ಲಿನಲ್ಲಿ ಮೀಟರ್ ಹಾಕದ ಆಟೋದಲ್ಲಿ ಕೂತು ಇಳಿಯಲೇ ಒಪ್ಪದಿದ್ದದ್ದು, ಇವೆಲ್ಲ ಹುಡುಗರ ಬಾಯಲ್ಲಿ ಬಣ್ಣ ಹಚ್ಚಿಕೊಂಡು ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ದಾಟಿದ ಕಥೆಗಳು. ಆದರೆ ತರಗತಿಯಲ್ಲಿ ಗೊತ್ತಿಲ್ಲ ಎಂದವರ ಮೇಲೆ ಅವರು ಎಂದೂ ರೇಗಿದವರಲ್ಲ. ಗೊತ್ತಾಗದೆಯೂ ಗೊತ್ತಾಯಿತೆಂದು ತಲೆಯಾಡಿಸುವವರನ್ನು ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ.

ಹುಟ್ಟಿದ್ದು ದಾವಣಗೆರೆಯಲ್ಲಿ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ವಿದ್ಯುತ್ ಇಲಾಖೆಯಲ್ಲಿದ್ದ ಏಕಾಂತಯ್ಯನವರನ್ನು ಮದುವೆಯಾಗಿ, ಮೂಡಲಪಾಳ್ಯಕ್ಕೆ ಬಂದು ಮನೆ ಹೂಡಿದ ಮರುವರ್ಷವೇ ಈ ಕಾಲೇಜು ಸೇರಿದರು. ಬಿ.ಕಾಂ. ಹುಡುಗರಿಗೆ ಬಿಸಿನೆಸ್ ಸ್ಟಾಟಿಸ್ಟಿಕ್ಸ್ ಎಂದರೆ ಜ್ವರ ಬರುವ ವಿಷಯ. ಅದನ್ನು ಮಾಗಡಿ ರಸ್ತೆಯ ಬಸ್ಸು ಎಷ್ಟು ತಡವಾಗಿ ಬರುತ್ತದೆ, ವಿಜಯನಗರದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಯಾರ ಹತ್ತಿರ ಎಷ್ಟು ಎಂಬ ಲೆಕ್ಕದಲ್ಲಿ ಹೇಳಿಕೊಡುತ್ತಿದ್ದರು. ಪಾಸಾದವರು ಮದುವೆ ಕರೆಯೋಲೆ ಕೊಡಲು ಬಂದಾಗಲೂ ಆ ಬದನೆಕಾಯಿಯನ್ನು ನೆನೆಸಿಕೊಳ್ಳುತ್ತಿದ್ದರು.

ಕೊರೊನಾ ಬಂದು ಕಾಲೇಜು ಮುಚ್ಚಿದಾಗ ಆಡಳಿತ ಮಂಡಳಿ ಪ್ರತಿಯೊಬ್ಬ ಅಧ್ಯಾಪಕರಿಗೂ ಒಂದೊಂದು ಸಿಮ್ ಕೊಟ್ಟು, ಆನ್‌ಲೈನ್ ಕ್ಲಾಸ್ ಮಾಡಿ ಎಂದಿತು. ಮೇಡಂ ಮನೆಯ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಪರದೆಯ ತುಂಬ ಕಪ್ಪು ಚೌಕಗಳು, ಚೌಕಗಳೊಳಗೆ ಹೆಸರುಗಳು. ಪ್ರಶ್ನೆ ಕೇಳಿದರೆ ಒಬ್ಬರದೂ ದನಿಯಿಲ್ಲ. ಒಂದು ದಿನ ತಡೆಯಲಾರದೆ ಕಪ್ಪು ಚೌಕಗಳಿಗೆಲ್ಲ ಸೇರಿಸಿ ಚೆನ್ನಾಗಿ ಬೈದರು. ಆ ಸಂಜೆ ಒಬ್ಬ ಹುಡುಗ ಫೋನ್ ಮಾಡಿ, ಹೆದರುತ್ತಲೇ, ಮನೆಯಲ್ಲಿ ಇರುವುದು ಒಂದೇ ಫೋನು, ಅಪ್ಪ ಅದನ್ನು ಕೆಲಸಕ್ಕೆ ತೆಗೆದುಕೊಂಡು ಹೋಗುತ್ತಾರೆ, ನಾನು ಅಕ್ಕನ ಫೋನಿನಲ್ಲಿ ಹಾಜರಿಗೆ ಮಾತ್ರ ಬಂದು ಹೋಗುತ್ತೇನೆ ಎಂದ. ಬೈದದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂತು. ಮಕ್ಕಳ ಮನೆಯಲ್ಲಿ ಏನಿದೆ ಏನಿಲ್ಲ ಎಂದು ಕೇಳದೆ ಸಿಮ್ ಹಂಚಿ ಕೈತೊಳೆದುಕೊಂಡ ಕಾಲೇಜಿನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಅಂದಿನಿಂದ ಪಾಠವನ್ನು ಚೂರುಚೂರು ಮಾಡಿ ದನಿಮುದ್ರಿಸಿ ವಾಟ್ಸಾಪಿನಲ್ಲಿ ಕಳಿಸತೊಡಗಿದರು. ಅಪ್ಪ ಮನೆಗೆ ಬಂದ ಮೇಲೆ ಕೇಳಿಕೊಳ್ಳಬಹುದಲ್ಲ ಎಂದು. ಆಮೇಲೆ ಹುಡುಗರೇ, ಗ್ರೂಪು ಯಾರೂ ತೆರೆಯುವುದಿಲ್ಲ ಮೇಡಂ, ಇನ್‌ಸ್ಟಾಗ್ರಾಮಿಗೆ ಬನ್ನಿ ಎಂದು ಕರೆದರು. ತಮ್ಮ ಸ್ವಂತ ನಂಬರಿನಲ್ಲಿ ನೆಂಟರಿಷ್ಟರ ಶುಭೋದಯಗಳ ಕಾಟವಿದ್ದುದರಿಂದ ಮೇಡಂ ಕಾಲೇಜಿನ ಸಿಮ್ಮಿನಲ್ಲೇ ಪೇಜು ತೆರೆದರು. ‘ಸ್ಟಾಟ್ಸ್ ಶಶಿಕಲಾ’ ಎಂದು ಹೆಸರಿಟ್ಟರು. ಮೊದಲ ವಿಡಿಯೊದಲ್ಲಿ ಅವರ ಅರ್ಧ ಮುಖವೂ ಪೂರ್ತಿ ಸೀಲಿಂಗ್ ಫ್ಯಾನೂ ಕಾಣಿಸುತ್ತಿದ್ದವು. ಏಕಾಂತಯ್ಯನವರು ಡಬ್ಬಗಳ ಮೇಲೆ ಡಬ್ಬ ಪೇರಿಸಿ ಫೋನ್ ನಿಲ್ಲಿಸುವ ಜಾಗ ಮಾಡಿಕೊಟ್ಟ ಮೇಲೆ ಮುಖ ಪೂರ್ತಿ ಬಂತು.

ಕಾಲೇಜು ಮತ್ತೆ ತೆರೆದಾಗ ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು. ಸಂಸ್ಥೆಯ ಕಾರ್ಯದರ್ಶಿ ಬಸವಲಿಂಗಪ್ಪನವರಂತೂ ಕರೆಸಿಕೊಂಡು, ಈ ವಯಸ್ಸಿನಲ್ಲಿ ರೀಲ್ಸ್ ಮಾಡುವುದು ಅಧ್ಯಾಪಕರ ಘನತೆಗೆ ತಕ್ಕುದಲ್ಲ ಎಂದು ಉಪದೇಶ ಮಾಡಿದರು. ಘನತೆ ಇರುವವರ ರಿಸಲ್ಟನ್ನೂ ನನ್ನ ರಿಸಲ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿ ಎಂದು ಹೇಳಿ ಮೇಡಂ ಎದ್ದು ಬಂದರು.

ಪೇಜಿಗೆ ಮೊದಮೊದಲು ಬರುತ್ತಿದ್ದ ಪ್ರಶ್ನೆಗಳೆಲ್ಲ ಲೆಕ್ಕದವೇ. ಬರಬರುತ್ತ, ‘ಮೇಡಂ, ಸಿಲಬಸ್‌ನಲ್ಲಿ ಇಲ್ಲದ್ದು ಒಂದು ಕೇಳಲಾ’ ಎಂದು ಶುರುವಾಗುವ ಸಂದೇಶಗಳು ಬಂದವು. ಕನ್ನಡ ಮೀಡಿಯಮ್ಮಿನಿಂದ ಬಂದಿದ್ದೇನೆ, ಯಾರ ಜೊತೆಗೂ ಮಾತಾಡಲು ಧೈರ್ಯವಿಲ್ಲ ಎಂದು ಒಬ್ಬ. ಅಮ್ಮನಿಗೆ ಕಾಯಿಲೆ, ಕಾಲೇಜು ಬಿಡುವ ಹಾಗಿದೆ ಎಂದು ಇನ್ನೊಬ್ಬಳು. ಎದುರಿಗೆ ಸಿಕ್ಕರೆ ಗೋಡೆಗೆ ಅಂಟಿಕೊಂಡು ಹೋಗುವ ಮಕ್ಕಳು ಅಲ್ಲಿ ಮನಸ್ಸು ಬಿಚ್ಚುತ್ತಿದ್ದರು. ಟೈಪ್ ಮಾಡಲಾಗದವರು ದನಿಯನ್ನೇ ಕಳಿಸುತ್ತಿದ್ದರು. ಸಂಜೆಯ ಚಹಾ ಮುಗಿಸಿ ಮೇಡಂ ಒಂದೊಂದನ್ನೇ ಕೇಳಿ ಉತ್ತರಿಸುತ್ತಿದ್ದರು. ತಮಗೆ ತಿಳಿಯದ್ದನ್ನು ತಿಳಿಯದೆಂದೇ ಹೇಳಿ, ಯಾರನ್ನು ಕಾಣಬೇಕೆಂದು ತಿಳಿಸುತ್ತಿದ್ದರು. ಎಲ್ಲರಿಗೂ ತಪ್ಪದೆ ಹೇಳುತ್ತಿದ್ದ ಮಾತು ಒಂದೇ: ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ.

ಹಾಗೆ ಬಂದವಳು ಸಿಂಚನಾ. ಬ್ಯಾಡರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಕೊನೆಯ ವರ್ಷದ ಬಿ.ಕಾಂ. ಅಪ್ಪ ದೊಡ್ಡಹನುಮಯ್ಯನಿಗೆ ಅಲ್ಲೇ ಪೇಂಟು, ಪೈಪು, ನಲ್ಲಿ ಮಾರುವ ಅಂಗಡಿ. ಸಂಬಂಧದಲ್ಲೇ ಒಂದು ಗಂಡು ನೋಡಿ ಮಾತು ಮುಗಿಸಿದ್ದ. ಹುಡುಗಿ ಹೂಂ ಎಂದಿದ್ದಳು, ಯಾಕೆಂದರೆ ಆ ಮನೆಯಲ್ಲಿ ಅಪ್ಪನೆದುರು ಉಹೂಂ ಎಂದು ಯಾರಿಗೂ ಗೊತ್ತೇ ಇರಲಿಲ್ಲ. ಓದು ಮುಗಿಸಬೇಕು, ಕೆಲಸಕ್ಕೆ ಸೇರಬೇಕು ಎಂಬ ಆಸೆಯನ್ನು ಅವಳು ಹೇಳಿಕೊಂಡಿದ್ದು ಈ ಪೇಜಿನಲ್ಲಿ, ಮಹಡಿಯ ಮೇಲೆ ಬಟ್ಟೆ ಒಣಗಿಹಾಕುತ್ತ, ಪಿಸುದನಿಯಲ್ಲಿ. ಮೇಡಂ ತಿಂಗಳುಗಟ್ಟಲೆ ಅವಳ ಜೊತೆ ಮಾತಾಡಿದರು. ಸೋದರಮಾವನಿಗೆ ಮೊದಲು ಹೇಳು, ಬೇಡ ಎನ್ನಬೇಡ, ಡಿಗ್ರಿ ಮುಗಿಯಲಿ ಎನ್ನು ಎಂದು ದಾರಿ ತೋರಿದರು. ಮಾವ ಮಾತಾಡಿದ. ನಿಶ್ಚಿತಾರ್ಥ ಪರೀಕ್ಷೆಯ ಆಚೆಗೆ ಹೋಯಿತು. ಮಗಳ ಮನಸ್ಸಿನಲ್ಲಿ ಏನಿದೆಯೆಂದು ಅಪ್ಪನಿಗೆ ಮಾತ್ರ ಗೊತ್ತಾಗಲಿಲ್ಲ. ನಿಧಾನವಾಗಿ, ಅವಳೇ ಒಂದು ದಿನ ಹೇಳುವಷ್ಟು ಗಟ್ಟಿಯಾಗುತ್ತಾಳೆ ಎಂದುಕೊಂಡಿದ್ದರು ಮೇಡಂ.

ಆ ವರ್ಷ ಕಾಲೇಜಿನ ಅಡ್ಮಿಷನ್ ಬಿದ್ದುಹೋಗಿತ್ತು. ಘನತೆಯ ಮಾತಾಡಿದ್ದ ಬಸವಲಿಂಗಪ್ಪನವರಿಗೆ ಈಗ ರೀಲ್ಸ್ ನೆನಪಾಯಿತು. ಪ್ರಚಾರಕ್ಕೆಂದು ಒಂದು ಮಾರ್ಕೆಟಿಂಗ್ ಕಂಪನಿಯನ್ನು ಗೊತ್ತುಮಾಡಿದರು. ಅಲ್ಲಿಂದ ಬಂದವನು ಶ್ರೀಶ ಎಂಬ ಯುವಕ. ಚುರುಕು ಮಾತಿನವನು, ಸದಾ ನಗುಮುಖ. ಮೇಡಂ ಪೇಜನ್ನು ನೋಡಿ ಅವನ ಕಣ್ಣು ಅರಳಿತು. ಇಷ್ಟು ಸ್ಟೂಡೆಂಟ್ಸ್ ಇರುವ ಪೇಜು ಹೊಸದಾಗಿ ಕಟ್ಟಲು ವರ್ಷಗಳು ಬೇಕು, ಇದನ್ನೇ ಕಾಲೇಜಿನ ಅಧಿಕೃತ ಪೇಜು ಮಾಡೋಣ ಎಂದ. ನನ್ನ ಪಾಠದ ವಿಡಿಯೊಗಳನ್ನು ಬೇಕಾದರೆ ತೆಗೆದುಕೊಳ್ಳಿ, ಪೇಜು ಮಾತ್ರ ಕೊಡುವುದಿಲ್ಲ, ಅಲ್ಲಿ ಮಕ್ಕಳ ಮಾತಿದೆ ಎಂದರು ಮೇಡಂ. ಅವನು ನಗುತ್ತಲೇ ತಲೆಯಾಡಿಸಿದ.

ಕೆಲವು ದಿನಗಳ ನಂತರ ಆಫೀಸಿನಿಂದ ಸುತ್ತೋಲೆ ಬಂತು: ಕೊರೊನಾ ಕಾಲದಲ್ಲಿ ಕೊಟ್ಟ ಸಿಮ್‌ಗಳನ್ನೆಲ್ಲ ಹಿಂತಿರುಗಿಸಬೇಕು. ಎಲ್ಲರೂ ಕೊಟ್ಟರು, ಮೇಡಮ್ಮೂ ಕೊಟ್ಟರು. ಪೇಜು ಆ ನಂಬರಿಗೇ ಕಟ್ಟಿಕೊಂಡಿದೆಯೆಂಬುದು ಅವರ ತಲೆಗೆ ಹೊಳೆಯಲಿಲ್ಲ. ಆ ಸಿಮ್ಮಿಗೆ ಓಟಿಪಿ ತರಿಸಿಕೊಂಡು ಪಾಸ್‌ವರ್ಡ್ ಬದಲಾಯಿಸುವುದು ಶ್ರೀಶನಿಗೆ ಚಿಟಿಕೆ ಹೊಡೆಯುವಷ್ಟು ಸುಲಭದ ಕೆಲಸ. ಸಂಜೆ ಮೇಡಂ ಫೋನಿನಲ್ಲಿ ಪೇಜು ತೆರೆದುಕೊಳ್ಳಲಿಲ್ಲ. ಬೆಳಿಗ್ಗೆ ನೋಡಿದರೆ ‘ಸ್ಟಾಟ್ಸ್ ಶಶಿಕಲಾ’ ಹೋಗಿ ಕಾಲೇಜಿನ ಹೆಸರೂ ಲಾಂಛನವೂ ಬಂದು ಕೂತಿದ್ದವು.

ಪ್ರಾಂಶುಪಾಲ ಗಂಗಾಧರಯ್ಯನವರ ಕೋಣೆಗೆ ಹೋಗಿ ಮೇಡಂ ಮೇಜು ಗುದ್ದಿದರು. ನಿವೃತ್ತಿಗೆ ಹತ್ತಿರವಾಗಿದ್ದ ಆ ಮನುಷ್ಯ ಫೈಲಿನಿಂದ ತಲೆಯೆತ್ತದೆ, ಮ್ಯಾನೇಜ್‌ಮೆಂಟಿನ ತೀರ್ಮಾನ, ನನ್ನ ಕೈಯಲ್ಲೇನಿದೆ ಎಂದರು. ಶ್ರೀಶನನ್ನು ಹಿಡಿದು ಕೇಳಿದಾಗ, ಇನ್‌ಬಾಕ್ಸ್ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ ಮೇಡಂ, ಪ್ರಾಮಿಸ್ ಎಂದ. ಅವನ ಮಾತನ್ನು ಅವರು ನಂಬಲಿಲ್ಲ. ಆದರೆ ಮೌಲ್ಯಮಾಪನದ ಕೆಲಸ ತಲೆಯ ಮೇಲಿತ್ತು, ಅಲ್ಲಿಗೆ ಓಡಿದರು. ಆ ವಾರವೆಲ್ಲ ಕಂಡವರಿಗೆ ಬೈದರು, ಕೆಂಪು ಪೆನ್ನಿನ ನಿಬ್ಬು ಬಾಗುವಂತೆ ಒತ್ತಿ ಬರೆದರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಯಿತು.

ಬ್ಯಾಡರಹಳ್ಳಿಯ ಅಂಗಡಿಯಲ್ಲಿ ದೊಡ್ಡಹನುಮಯ್ಯ ಬಣ್ಣದ ಡಬ್ಬ ಎತ್ತಿಡುತ್ತಿದ್ದ. ಸಾಮಾನು ತೆಗೆದುಕೊಳ್ಳಲು ಬಂದಿದ್ದ ಪೇಂಟಿಂಗ್ ಮೇಸ್ತ್ರಿಯೊಬ್ಬ ಕೌಂಟರಿಗೆ ಒರಗಿ ಫೋನ್ ನೋಡುತ್ತ ನಿಂತವನು, ಅಣ್ಣ, ಇದು ನಿಮ್ಮ ಸಿಂಚನಾ ದನಿ ಥರ ಇದೆಯಲ್ಲ ಎಂದು ಫೋನನ್ನು ಎತ್ತಿ ಹಿಡಿದ. ಪರದೆಯ ಮೇಲೆ ಯಾವಳೋ ರೂಪದರ್ಶಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹಿಂದೆ ಪಿಟೀಲಿನ ಸಂಗೀತ. ಅದರ ಮೇಲೆ ಆ ಪಿಸುದನಿ:

“ನಮ್ಮಪ್ಪ ಕೆಟ್ಟೋರಲ್ಲ ಮೇಡಂ. ಆದ್ರೆ ಅವರು ಮನೆಗೆ ಬಂದ್ರೆ ನಾನು ಉಸಿರು ಬಿಗಿಹಿಡ್ಕೊಂಡು ಕೂತಿರ್ತೀನಿ. ನಂಗೆ ಈ ಮದುವೆ ಬೇಡ ಅಂತ ಅವರಿಗೆ ಹೆಂಗೆ ಹೇಳ್ಲಿ?”

ಆಮೇಲೆ ದಪ್ಪ ಅಕ್ಷರಗಳು ಬಂದವು: ‘ಅವಳ ಮಾತಿಗೆ ಕಿವಿಯಾದವರು ನಾವು. ಅಡ್ಮಿಷನ್ ಆರಂಭವಾಗಿದೆ.’

ದನಿಯನ್ನು ಒಂದಿಷ್ಟು ಮಾರ್ಪಡಿಸುವ ಗೋಜಿಗೂ ರೀಲು ಮಾಡಿದವರು ಹೋಗಿರಲಿಲ್ಲ. ಅಂಗಡಿಯಲ್ಲಿ ಕೇಳಿದ್ದು ನೆಂಟರ ಮನೆಗಳಲ್ಲೂ ಕೇಳಿತು. ಮಾರನೆಯ ಬೆಳಿಗ್ಗೆ ಗಂಡಿನ ಕಡೆಯವರು ಫೋನ್ ಮಾಡಿ, ಇಷ್ಟವಿಲ್ಲದ ಹುಡುಗಿಯನ್ನು ನಮ್ಮ ತಲೆಗೆ ಕಟ್ಟಲು ನೋಡಿದಿರಾ ಎಂದು ಕೇಳಿ ಸಂಬಂಧ ಕಡಿದುಕೊಂಡರು. ದೊಡ್ಡಹನುಮಯ್ಯ ಆ ಮೇಡಂ ಯಾರೆಂದು ಮಗಳ ಬಾಯಿ ಬಿಡಿಸಿ ಅವಳ ಫೋನ್ ಕಿತ್ತಿಟ್ಟುಕೊಂಡ, ಇನ್ನು ಮೇಲೆ ಕಾಲೇಜಿಲ್ಲ ಎಂದ, ಅಂಗಡಿಯ ಷಟರ್ ಎಳೆದು ನೇರವಾಗಿ ಕಾಲೇಜಿಗೆ ಬಂದ.

ಶಶಿಕಲಾ ಮೇಡಂ ಮೊದಲ ಪೀರಿಯಡ್ ಮುಗಿಸಿ ಮೆಟ್ಟಿಲಿಳಿಯುತ್ತಿದ್ದರು. ಕೆಳಗೆ ಒಬ್ಬ ದಪ್ಪ ಮೈಕಟ್ಟಿನ ಗಂಡಸು ತಮ್ಮ ಹೆಸರು ಹಿಡಿದು ಕೂಗಾಡುತ್ತಿದ್ದುದು ಕೇಳಿತು. ಹತ್ತಿರ ಹೋಗಿ, ನಾನೇ ಶಶಿಕಲಾ ಎಂದರು. ಆತ ಮಾತಾಡದೆ ಫೋನನ್ನು ಅವರ ಮುಖಕ್ಕೆ ಹಿಡಿದ. ಮೇಡಂ ಆ ರೀಲನ್ನು ನೋಡಿರಲಿಲ್ಲ. ಮೊದಲ ಎರಡು ಪದಕ್ಕೇ ದನಿ ಯಾರದೆಂದು ತಿಳಿಯಿತು.

“ನನ್ ಮಗ್ಳು ನನ್ ಹತ್ರ ಹೇಳ್ದೆ ಇರೋ ಮಾತ ನಿಮ್ಮತ್ರ ಯಾಕ್ ಹೇಳಿದ್ಲು ಮೇಡಮ್ನೋರೆ?” ಎಂದ ದೊಡ್ಡಹನುಮಯ್ಯ. “ಹೇಳಿದ್ಲು, ಹೋಗ್ಲಿ. ಅದನ್ನ ಊರಿಗೆಲ್ಲ ಹಂಚ್ಬೇಕಿತ್ತಾ?”

ಕಾರಿಡಾರಿನಲ್ಲಿ ಹುಡುಗರು ಗುಂಪುಗೂಡಿದ್ದರು. ನಾನಲ್ಲ, ಪೇಜು ನನ್ನ ಕೈಯಲ್ಲಿಲ್ಲ ಎಂದು ಮೇಡಂ ಅಲ್ಲೇ ಹೇಳಿ ಜಾರಿಕೊಳ್ಳಬಹುದಿತ್ತು. ಹೇಳಲಿಲ್ಲ. ಆ ಹುಡುಗಿಗೆ ಮಾತು ಕೊಟ್ಟವರು ತಾವು.

“ಹಂಚಿದೋರು ಮೇಲ್ಗಡೆ ಕೂತಿದಾರೆ, ಬನ್ನಿ,” ಎಂದರು. “ಮೊದಲ್ನೇ ಪ್ರಶ್ನೆಗೆ ನಾನು ಉತ್ತರ ಕೊಡ್ಬೇಕು. ಕೊಡ್ತೀನಿ. ನಿಮ್ಮನೆಗೇ ಬಂದು ಕೊಡ್ತೀನಿ.”

ಇಬ್ಬರೂ ಬಾಗಿಲು ತಟ್ಟದೆ ಕಾರ್ಯದರ್ಶಿಯ ಕೋಣೆಗೆ ನುಗ್ಗಿದರು. ಅಲ್ಲಿ ಬಸವಲಿಂಗಪ್ಪ, ಗಂಗಾಧರಯ್ಯ, ಶ್ರೀಶ ಮೂವರೂ ಕೂತು ಲ್ಯಾಪ್‌ಟಾಪಿನಲ್ಲಿ ಅದೇ ಪೇಜನ್ನು ನೋಡುತ್ತಿದ್ದರು. ವಿಷಯ ತಿಳಿದ ಮೇಲೂ ಬಸವಲಿಂಗಪ್ಪನವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಹುಡುಗಿಯ ಮುಖ ತೋರಿಸಿಲ್ಲ, ಹೆಸರು ಹಾಕಿಲ್ಲ, ಇದರಲ್ಲಿ ಅವಮಾನವೇನು ಬಂತು, ಒಳ್ಳೆಯ ಸಂದೇಶವೇ ಅಲ್ಲವೇ ಎಂದು ಸಮಜಾಯಿಷಿ ಕೊಟ್ಟರು. ಬೇಕಿದ್ದರೆ ಬೇರೆ ಹುಡುಗಿಯಿಂದ ಅದೇ ಮಾತನ್ನು ಹೇಳಿಸಿ ಹಾಕೋಣ ಎಂದೂ ಸೇರಿಸಿದರು. ಶ್ರೀಶನಿಗೆ ಕೋಣೆಯ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಆಗಲೂ ತಿಳಿಯಲಿಲ್ಲ.

“ಸಾರ್, ಅದನ್ನ ತೆಗಿಯೋದು ಬೇಡ,” ಎಂದ. “ಲೈಕು, ಶೇರು, ಎಂಗೇಜ್‌ಮೆಂಟ್ ಸಖತ್ತಾಗಿ ಬರ್ತಾ ಇದೆ.”

ದೊಡ್ಡಹನುಮಯ್ಯ ಅವನ ಕಡೆ ತಿರುಗಿದ. “ಯಾವ ಎಂಗೇಜ್‌ಮೆಂಟಪ್ಪಾ? ಅವಳ ಎಂಗೇಜ್‌ಮೆಂಟು ಬೆಳಿಗ್ಗೆನೇ ಮುರ್ದೋಯ್ತು.”

ಗಂಗಾಧರಯ್ಯ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತರು. ರೀಲನ್ನು ಈ ಕ್ಷಣ ತೆಗೆಯಬೇಕು, ಇನ್‌ಬಾಕ್ಸಿನಲ್ಲಿರುವ ಮಕ್ಕಳ ಸಂದೇಶಗಳನ್ನೆಲ್ಲ ಅಳಿಸಬೇಕು ಎಂದರು ಮೇಡಂ. ರೀಲಿನ ವಿಷಯ ಯೋಚಿಸೋಣ, ಇನ್‌ಬಾಕ್ಸ್ ಅಳಿಸುವ ಮಾತೇ ಇಲ್ಲ ಎಂದರು ಬಸವಲಿಂಗಪ್ಪ. ಅಲ್ಲಿ ಇನ್ನೂ ಇಂಥ ಎಷ್ಟೋ ‘ಸ್ಟೋರಿ’ಗಳಿದ್ದವಲ್ಲ.

“ಸಿಮ್ಮು ಕಾಲೇಜಿಂದು, ಪೇಜು ಕಾಲೇಜಿಂದು. ನೀವೂ ಕಾಲೇಜಿನ ಸಂಬಳ ತಗೊಳ್ಳೋರೇ ಅಲ್ವಾ ಮೇಡಂ?”

“ಮಕ್ಕಳ ಮಾತು ಕಾಲೇಜಿಂದಲ್ಲ,” ಎಂದರು ಶಶಿಕಲಾ.

ಅವರು ಕೂಗಲಿಲ್ಲ. ಅವರ ಸಿಟ್ಟನ್ನು ಬಲ್ಲ ಗಂಗಾಧರಯ್ಯ ಆ ತಗ್ಗಿದ ದನಿಗೇ ಹೆಚ್ಚು ಹೆದರಿದಂತೆ ಕಂಡರು. ಇಬ್ಬರೂ ಕೋಣೆಯಿಂದ ಹೊರಬಂದರು. ಆ ಇನ್‌ಬಾಕ್ಸಿನಲ್ಲಿ ಯಾರ ಯಾರ ಏನೇನಿದೆಯೆಂದು ಮೇಡಂ ಒಬ್ಬರಿಗೇ ಗೊತ್ತು. ಮನೆಯ ಜಗಳ, ಮೈಯ ಸಂಕಟ, ಒಬ್ಬ ಹುಡುಗ ಸಾಯಬೇಕೆನಿಸುತ್ತದೆ ಎಂದು ಅಳುತ್ತ ಹೇಳಿದ್ದು. ಅವನೀಗ ಚೆನ್ನಾಗಿದ್ದಾನೆ, ಬಸವೇಶ್ವರನಗರದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾನೆ. ಅವನ ಅಳು ನಾಳೆ ಪಿಟೀಲಿನ ಜೊತೆ ಊರೂರು ತಿರುಗಿದರೆ?

ದೊಡ್ಡಹನುಮಯ್ಯನನ್ನು ಗೇಟಿನವರೆಗೆ ಕಳಿಸಿ ಮೇಡಂ ಕೊನೆಯ ವರ್ಷದ ತರಗತಿಗೆ ಹೋದರು. ಅದು ಅವರ ಪೀರಿಯಡ್ಡೇ. ಪುಸ್ತಕ ತೆಗೆಯುವುದು ಬೇಡ ಎಂದು ಹೇಳಿ, ನಡೆದದ್ದನ್ನೆಲ್ಲ, ಸಿಂಚನಾಳ ಹೆಸರೊಂದನ್ನು ಬಿಟ್ಟು, ಇದ್ದ ಹಾಗೆ ಹೇಳಿದರು. ಪೇಜು ಈಗ ನನ್ನದಲ್ಲ, ನೀವು ನನ್ನನ್ನು ನಂಬಿ ಕಳಿಸಿದ್ದನ್ನು ಬೇರೆಯವರು ಓದುತ್ತಿದ್ದಾರೆ, ಸಿಮ್ ಕೊಟ್ಟವಳು ನಾನೇ ಎಂದರು. ಮೂರನೆಯ ಸಾಲಿನಿಂದ ಅನಘಾ ಎಂಬ ಹುಡುಗಿ ಎದ್ದುನಿಂತಳು.

“ಮೇಡಂ, ನಾವು ಕಳ್ಸಿರೋದನ್ನ ನಾವೇ ಅನ್‌ಸೆಂಡ್ ಮಾಡ್ಬಹುದು. ಆ ಕಡೆ ಇಂದನೂ ಹೋಗ್ಬಿಡುತ್ತೆ.”

ಮೇಡಂ ಅವಳನ್ನೇ ನೋಡಿದರು. ನಿಜವಾಗಿಯೂ ಹೋಗುತ್ತದಾ ಎಂದು ಕೇಳಿದರು. ಅನಘಾ ಪಕ್ಕದವಳ ಫೋನಿಗೆ ಏನೋ ಕಳಿಸಿ, ಒತ್ತಿಹಿಡಿದು, ಇಲ್ಲವಾಗಿಸಿ ತೋರಿಸಿದಳು. ಹಾಗಾದರೆ ಶುರು ಮಾಡಿ ಎಂದರು ಮೇಡಂ.

ಒಂದೊಂದು ಸಂದೇಶವನ್ನೂ ಬೇರೆಬೇರೆಯಾಗಿ ಒತ್ತಿಹಿಡಿದು ಅಳಿಸಬೇಕಿತ್ತು. ಹಿಂದಿನ ಬೆಂಚಿನಲ್ಲಿ ಮೊದಲು ನಕ್ಕ ಹುಡುಗನೊಬ್ಬ, ಪಕ್ಕದವನು ತಲೆ ತಗ್ಗಿಸಿ ಮೇಲಕ್ಕೆ ಮೇಲಕ್ಕೆ ಸರಿಸುತ್ತ ಹೋದುದನ್ನು ನೋಡಿ ಸುಮ್ಮನಾದ. ಒಬ್ಬಳು ಅಳಿಸುವ ಮೊದಲು ಮೇಡಂ ಕಳಿಸಿದ್ದ ಉತ್ತರಗಳನ್ನು ಕಿವಿಗೆ ಹಿಡಿದು ಇನ್ನೊಂದು ಸಲ ಕೇಳಿಸಿಕೊಂಡಳು.

ಮೇಡಂ ಅಲ್ಲಿಗೇ ನಿಲ್ಲಿಸಲಿಲ್ಲ. ಪಕ್ಕದ ತರಗತಿಯ ಬಾಗಿಲು ತಟ್ಟಿದರು. ಪಾಠ ಮಾಡುತ್ತಿದ್ದವರು ಕೇಳಿ, ಡಸ್ಟರ್ ಕೆಳಗಿಟ್ಟು, ದಾರಿ ಬಿಟ್ಟರು. ಅದರಾಚೆ ಇನ್ನೊಂದು. ಒಬ್ಬಿಬ್ಬರು ಅಧ್ಯಾಪಕರು ಮುಖ ಸಿಂಡರಿಸಿ ಆಮೇಲೆ ಬನ್ನಿ ಎಂದರು. ಅವರನ್ನು ಪಕ್ಕಕ್ಕೆ ಸರಿಸಿಯೇ ಒಳಗೆ ಹೋದರು. ಅನಘಾ ಮತ್ತು ಗೆಳತಿಯರು ಓದು ಮುಗಿಸಿ ಹೋದ ಬ್ಯಾಚುಗಳ ಗ್ರೂಪುಗಳಿಗೆಲ್ಲ ಸುದ್ದಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕೆಂಗೇರಿಯಿಂದ, ಹೊಸಕೋಟೆಯಿಂದ, ಎಲ್ಲೆಲ್ಲೋ ಕೆಲಸಕ್ಕೆ ಸೇರಿದ ಹಳೆಯ ಹುಡುಗರು ಆಫೀಸಿನ ಮೆಟ್ಟಿಲಲ್ಲಿ, ಬಸ್ಸಿನ ಸೀಟಿನಲ್ಲಿ ಕೂತು ಅಳಿಸುತ್ತಿದ್ದರು. ಬ್ಯಾಂಕಿನ ಹುಡುಗನಿಗೆ ಮೇಡಂ ತಾವೇ ಫೋನ್ ಮಾಡಿದರು.

ಮೇಲಿನ ಕೋಣೆಯಲ್ಲಿ ಶ್ರೀಶನ ಕಣ್ಣೆದುರೇ ಇನ್‌ಬಾಕ್ಸ್ ಸೋರಿಹೋಗುತ್ತಿತ್ತು. ಅವನು ಕಾರ್ಯದರ್ಶಿಯ ಹತ್ತಿರ ಓಡಿದ. ಬಸವಲಿಂಗಪ್ಪ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದು ಮೊದಲ ವರ್ಷದ ತರಗತಿಯ ಬಾಗಿಲಲ್ಲಿ ನಿಂತರು. ತರಗತಿಗೆ ತರಗತಿಯೇ ಫೋನ್ ಹಿಡಿದು ಕೂತಿತ್ತು.

“ಪಾಠ ನಡೀಬೇಕಾದ ಟೈಮಲ್ಲಿ ಏನಿದು?”

“ಪ್ರಾಕ್ಟಿಕಲ್ಸ್ ಸಾರ್,” ಎಂದರು ಶಶಿಕಲಾ. ಅವರ ಕಣ್ಣು ಕಾರ್ಯದರ್ಶಿಯ ಮುಖದಿಂದ ಅಲುಗಲಿಲ್ಲ. ಹುಡುಗರೊಬ್ಬರೂ ತಲೆಯೆತ್ತಲಿಲ್ಲ.

ಗೆದ್ದೆವು ಎಂದು ಮೇಡಂ ಎಂದೂ ಹೇಳಿಕೊಳ್ಳಲಿಲ್ಲ. ಅಷ್ಟರಲ್ಲಿ ಮೇಲಿನ ಕೋಣೆಯವರು ಏನೇನು ನಕಲಿಳಿಸಿ ಇಟ್ಟುಕೊಂಡಿದ್ದಾರೋ ಯಾರಿಗೆ ಗೊತ್ತು ಎಂಬ ಕೊರೆತ ಹೋಗಲಿಲ್ಲ. ಸಂಜೆ ಮನೆಯಲ್ಲಿ ಏಕಾಂತಯ್ಯ ಬಿಪಿ ಮಾತ್ರೆಯನ್ನೂ ನೀರನ್ನೂ ತಂದಿಟ್ಟು, ಇವತ್ತಾದರೂ ಸ್ವಲ್ಪ ಮಲಗು ಎಂದರು. ಮೇಡಂ ಮಲಗಲಿಲ್ಲ, ಸೈಬರ್ ಕ್ರೈಂ ಠಾಣೆಗೆ ಕೊಡುವ ದೂರನ್ನು ಬರೆಯುತ್ತ ಕೂತರು.

ಮಾರನೆಯ ದಿನ ಬ್ಯಾಡರಹಳ್ಳಿಗೆ ಹೋದರು. ಅಂಗಡಿಯಲ್ಲಿ ದೊಡ್ಡಹನುಮಯ್ಯ ಒಬ್ಬನೇ ಇದ್ದ. ಸ್ಟೂಲು ಸರಿಸಿ ಕೂರಲು ಹೇಳಿದನೇ ಹೊರತು ಮುಖ ಕೊಟ್ಟು ಮಾತಾಡಲಿಲ್ಲ. ನಿಮ್ಮ ಮಗಳು ನಿಮಗೆ ಹೇಳದೆ ನನಗೆ ಹೇಳಿದ್ದು ನಿಮ್ಮ ಭಯಕ್ಕೆ, ಹೇಳು ಎಂದು ಅವಳನ್ನು ಸಿದ್ಧ ಮಾಡುತ್ತಿದ್ದೆ, ಅಷ್ಟರಲ್ಲಿ ಹೀಗಾಯಿತು ಎಂದರು ಮೇಡಂ. ಆಮೇಲೆ ಕೇಳಿದರು: “ನಮ್ಮಪ್ಪ ಕೆಟ್ಟೋರಲ್ಲ ಅಂತ ಮೊದಲೇ ಹೇಳಿದಾಳೆ. ಅದನ್ನ ಕೇಳಿಸ್ಕೊಂಡ್ರಾ?”

ಆತ ಕೌಂಟರಿನ ಮೇಲೆ ಒಣಗಿದ್ದ ಬಣ್ಣದ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತ.

“ಎಷ್ಟ್ ಸಲ ಕೇಳ್ದೆ ಅಂತ ನಂಗೇ ಗೊತ್ತಿಲ್ಲ,” ಎಂದ ಕೊನೆಗೆ. “ಉಸಿರು ಬಿಗಿಹಿಡ್ಕೊಂಡು ಅಂತಾಳೆ. ನಾನೇನ್ ಹುಲೀನಾ? ಒಂದೇಟು ಹೊಡ್ದೋನಲ್ಲ ನಾನು.”

ಮೇಡಂ ಅವನನ್ನು ಸಮಾಧಾನ ಮಾಡಲಿಲ್ಲ. ಹೊಡೆಯದಿದ್ದರೆ ಹೆದರಿಕೆ ಇರುವುದಿಲ್ಲವೇ ಎಂದರು. ಮಗಳ ದನಿಯನ್ನು ಜಾಹೀರಾತಿಗೆ ಹಾಕಿದವರ ಮೇಲೆ ಸಿಟ್ಟಿದ್ದರೆ ನನ್ನ ಜೊತೆ ಠಾಣೆಗೆ ಬನ್ನಿ, ಅದನ್ನು ಬಿಟ್ಟು ಅವಳ ಓದು ನಿಲ್ಲಿಸಿದರೆ ನಿಮಗೂ ಅವರಿಗೂ ಏನು ವ್ಯತ್ಯಾಸ ಎಂದು ನೇರವಾಗಿ ಕೇಳಿದರು. ದೊಡ್ಡಹನುಮಯ್ಯನ ಕುತ್ತಿಗೆಯ ನರ ಉಬ್ಬಿತು. ಎದ್ದು ಹೋಗಿ ಎನ್ನುತ್ತಾನೇನೋ ಎಂದುಕೊಂಡರು. ಅವನು ಅಂಗಡಿಯ ಹಿಂದಕ್ಕೇ ಇದ್ದ ಮನೆಯ ಬಾಗಿಲ ಕಡೆ ತಿರುಗಿ, ಚಪ್ಪಲಿ ಹಾಕಿಕೊಂಡು ಬಾ ಎಂದು ಮಗಳನ್ನು ಕರೆದ. ಮೂವರೂ ಬಸ್ಸು ಹಿಡಿದು ಠಾಣೆಗೆ ಹೋದರು. ದಾರಿಯುದ್ದಕ್ಕೂ ಸಿಂಚನಾ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ದೂರು ದಾಖಲಾಯಿತೆಂದು ತಿಳಿದ ಕೂಡಲೇ ರೀಲು ಮಾಯವಾಯಿತು. ಕಂಪನಿಯವರು ಶ್ರೀಶನನ್ನು ಬೇರೆ ಕಡೆ ಹಾಕಿದರು. ಆಡಳಿತ ಮಂಡಳಿ ದೊಡ್ಡಹನುಮಯ್ಯನಿಗೆ ‘ಉಂಟಾದ ಅನಾನುಕೂಲಕ್ಕೆ ವಿಷಾದ’ ಎಂಬ ಒಂದು ಸಾಲು ಕಳಿಸಿತು. ಅವನು ಅದನ್ನು ಅಂಗಡಿಯಲ್ಲೇ ಹರಿದುಹಾಕಿದ. ಮೇಡಂಗೆ ಮೆಮೊ ಬಂತು. ಕ್ಷಮಾಪಣೆ ಬರೆದುಕೊಟ್ಟರೆ ಇಲ್ಲಿಗೇ ಮುಗಿಸೋಣ ಎಂದು ಗಂಗಾಧರಯ್ಯ ಖಾಸಗಿಯಾಗಿ ಬೇಡಿಕೊಂಡರು. ಕ್ಷಮೆ ಕೇಳಬೇಕಾದವಳನ್ನು ನಾನು ಕೇಳುತ್ತೇನೆ, ನಿಮ್ಮನ್ನಲ್ಲ ಎಂದರು ಮೇಡಂ. ಮರುವಾರ ಅವರನ್ನು ಅದೇ ಸಂಸ್ಥೆಯ ಕೆಂಗೇರಿಯ ಪಿಯು ಕಾಲೇಜಿಗೆ ಎತ್ತಿಹಾಕಿದರು.

ಸಿಂಚನಾ ಪರೀಕ್ಷೆ ಬರೆದಳು. ದಿನವೂ ಅಪ್ಪನೇ ಬೈಕಿನಲ್ಲಿ ತಂದು ಬಿಟ್ಟು, ಮುಗಿಯುವವರೆಗೆ ಗೇಟಿನ ಹೊರಗೆ ನಿಂತಿರುತ್ತಿದ್ದ. ಕೊನೆಯ ದಿನ ಮೇಡಂ ಕೆಂಗೇರಿಯಿಂದ ರಜೆ ಹಾಕಿ ಬಂದು ಅವಳನ್ನು ಕಂಡರು. ತಪ್ಪಾಯಿತು ಕಣೇ ಎಂದರು.

“ನಂಗೆ ನಿಮ್ಮೇಲೂ ಕೋಪ ಇದೆ ಮೇಡಂ,” ಎಂದಳು ಹುಡುಗಿ. ಪಿಸುದನಿಯಲ್ಲ, ನಾಲ್ಕು ಜನಕ್ಕೆ ಕೇಳುವ ಹಾಗೆ.

“ಇರ್ಲಿ. ಇರಬೇಕಾದ್ದೇ,” ಎಂದರು ಮೇಡಂ.

ಅವಳೀಗ ನಾಗರಭಾವಿಯ ಲೆಕ್ಕಪರಿಶೋಧಕರೊಬ್ಬರ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಮೇಡಂಗೆ ಫೋನ್ ಮಾಡುವುದಿಲ್ಲ. ಕೆಲಸ ಸಿಕ್ಕ ಸುದ್ದಿಯನ್ನು ಹೇಳಿದವನು ದೊಡ್ಡಹನುಮಯ್ಯ.

ಮೇಡಂ ಸ್ವಂತ ನಂಬರಿನಲ್ಲಿ ಹೊಸ ಪೇಜು ತೆರೆದಿದ್ದಾರೆ. ಅದರ ಮೊದಲ ವಿಡಿಯೊದಲ್ಲಿ ಬದನೆಕಾಯಿಯಿಲ್ಲ, ಬಸ್ಸಿಲ್ಲ. ಅಧ್ಯಾಪಕರೇ, ನಿಮ್ಮ ಪೇಜು ಯಾರ ಸಿಮ್ಮಿನಲ್ಲಿದೆ ಎಂದು ನೋಡಿಕೊಳ್ಳಿ, ಪಾಸ್‌ವರ್ಡನ್ನು ಹೀಗೆ ಭದ್ರ ಮಾಡಿಕೊಳ್ಳಿ, ಮಕ್ಕಳೇ, ಕಳಿಸಿದ್ದನ್ನು ಹೀಗೆ ಅಳಿಸಿ ಎಂದು ಹುಬ್ಬು ಗಂಟಿಕ್ಕಿಕೊಂಡು ಹೇಳಿದ್ದಾರೆ. ಬೇರೆ ಕಾಲೇಜಿನ ಅಧ್ಯಾಪಕರು, ನಮ್ಮಲ್ಲೂ ಹೀಗೇ ಆಗುತ್ತಿದೆ ಎಂದು ಬರೆಯುತ್ತಾರೆ. ಕೆಂಗೇರಿಯ ಮಕ್ಕಳು ಮೆಲ್ಲಗೆ ಪ್ರಶ್ನೆ ಕೇಳತೊಡಗಿದ್ದಾರೆ. ಹಳೆಯ ಪೇಜಿನಲ್ಲಿ ಅವರ ಪಾಠದ ವಿಡಿಯೊಗಳು ಈಗಲೂ ಓಡುತ್ತಿವೆ, ಹೆಸರನ್ನು ಮಾತ್ರ ಕತ್ತರಿಸಿದ್ದಾರೆ. ಅದನ್ನು ನೋಡಿದಾಗಲೆಲ್ಲ ಮೇಡಂ ಹಲ್ಲು ಕಚ್ಚುತ್ತಾರೆ.

ದೂರಿನ ತನಿಖೆ ಆಮೆಯ ನಡಿಗೆಯಲ್ಲಿದೆ. ಠಾಣೆಯಿಂದ ಕರೆ ಬಂದಾಗ ಮೇಡಂ ಕೆಂಗೇರಿಯಿಂದ ಮೆಟ್ರೋ ಹತ್ತುತ್ತಾರೆ, ದೊಡ್ಡಹನುಮಯ್ಯ ಅಂಗಡಿ ಮುಚ್ಚಿ ಬರುತ್ತಾನೆ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಾರೆ, ಹೆಚ್ಚು ಮಾತಿಲ್ಲ. ಕಳೆದ ಸಲ ಹೋದಾಗ ಅಧಿಕಾರಿ, ಎಷ್ಟು ದಿನ ಅಲೆಯುತ್ತೀರಿ, ರಾಜಿ ಮಾಡಿಕೊಳ್ಳಬಾರದೇ ಎಂದು ಕೇಳಿದರು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಹನುಮಯ್ಯನೇ, ಮುಂದಿನ ತಾರೀಕು ಯಾವತ್ತು ಹೇಳಿ ಸ್ವಾಮಿ ಎಂದ.